ಪೋಪ್ ಕಿರೀಟ ಇಡ್ತಾರೆ ಅಂತ ಷಾರ್ಲಮೇನ್‌ಗೆ ನಿಜವಾಗಲೂ ಗೊತ್ತಿರಲಿಲ್ವಾ?

ಸಂತೆಪೇಟೆ ಹುಡುಗ
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮನೆಯಲ್ಲಿ ಮೂರು ದಿನದಿಂದ ಇದೇ ಜಗಳ.

ತಂಗಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ನೋಟ್ಸಿನಲ್ಲಿ ಹೀಗಿದೆ. 800ರ ಡಿಸೆಂಬರ್ 25, ಕ್ರಿಸ್ಮಸ್ ದಿನ. ರೋಮಿನ ಸಂತ ಪೀಟರ್ ಚರ್ಚಿನಲ್ಲಿ ಈಗಿನ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಫ್ರಾಂಕ್ ಜನಾಂಗದ ದೊರೆ ಷಾರ್ಲಮೇನ್ ಪ್ರಾರ್ಥನೆ ಮಾಡುತ್ತಿದ್ದ. ಎದ್ದು ನಿಲ್ಲುವಷ್ಟರಲ್ಲಿ ಮೂರನೇ ಲಿಯೋ ಪೋಪ್ ಅವನ ತಲೆಗೆ ಕಿರೀಟ ಇಟ್ಟರು. ಜನ ಜೈಕಾರ ಹಾಕಿದರು. ಅಲ್ಲಿಗೆ ಅವನು ರೋಮನ್ ಚಕ್ರವರ್ತಿ. ಕೊನೆಯಲ್ಲಿ ಒಂದು ಸಾಲು: "ಇದು ಅವನಿಗೆ ಮೊದಲೇ ತಿಳಿದಿರಲಿಲ್ಲ."

ನಮ್ಮ ಭಾವ ಇದನ್ನು ಪೂರ್ತಿ ನಂಬುತ್ತಾರೆ. ಪಾಪ, ಕಣ್ಣು ಮುಚ್ಚಿಕೊಂಡು ದೇವರ ಮುಂದೆ ಕೂತಿದ್ದ, ಅವನಿಗೇನು ಗೊತ್ತು ಅಂತಾರೆ. ನಾನು ಹೇಳೋದು, ಮೂವತ್ತು ವರ್ಷ ಕತ್ತಿ ಹಿಡಿದು ಅರ್ಧ ಯುರೋಪ್ ಗೆದ್ದವನ ಪಕ್ಕದಲ್ಲಿ ಒಬ್ಬರು ಕಿರೀಟ ಹಿಡಿದು ನಿಂತರೆ ಗೊತ್ತಾಗಲ್ವಾ? ಭಾನುವಾರ ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸಬೇಕು ಅಂತ ಪಂದ್ಯ. ಏಳು ಜನ ಇದ್ದೀವಿ. ದಯವಿಟ್ಟು ಸಹಾಯ ಮಾಡಿ.

ಫಿಲ್ಟರ್ ಕಾಫಿ
ಗೊತ್ತಿರಲಿಲ್ಲ ಅಂದ್ರೆ ಕಿರೀಟದ ಅಳತೆ ಹೇಗೆ ಸಿಕ್ತು?

ಹಳೇಪೇಪರ್
ನೋಟ್ಸ್ ಬರೆದವರು ಸುಮ್ನೆ ಹುಟ್ಟಿಸಿದ್ದಲ್ಲ. ಇದರ ಮೂಲ ಐನ್‌ಹಾರ್ಡ್. ಷಾರ್ಲಮೇನ್‌ನ ಆಸ್ಥಾನದಲ್ಲೇ ಇದ್ದವನು. ದೊರೆ 814ರಲ್ಲಿ ಸತ್ತ ಮೇಲೆ ಅವನ ಜೀವನ ಚರಿತ್ರೆ ಬರೆದ. ಅದರಲ್ಲಿ, ಪೋಪರ ಯೋಚನೆ ಮೊದಲೇ ಗೊತ್ತಿದ್ದಿದ್ದರೆ ಅಷ್ಟು ದೊಡ್ಡ ಹಬ್ಬವಾಗಿದ್ದರೂ ಆ ದಿನ ಚರ್ಚಿಗೇ ಕಾಲಿಡುತ್ತಿರಲಿಲ್ಲ ಅಂತ ದೊರೆ ಹೇಳುತ್ತಿದ್ದ ಎನ್ನುತ್ತಾನೆ.

ಗಮನಿಸಿ, ಬರೆದಿದ್ದು ಘಟನೆ ನಡೆದು ಹದಿನೈದು ವರ್ಷಕ್ಕೂ ಜಾಸ್ತಿ ಆದಮೇಲೆ. ದೊರೆಯನ್ನು ಹೊಗಳಲೆಂದೇ ಬರೆದ ಪುಸ್ತಕ. ಪದವಿಗೆ ಆಸೆ ಪಡದವನು ದೊಡ್ಡವನು ಅನ್ನೋದು ಆಗಲೂ ಚೆನ್ನಾಗಿ ಓಡುತ್ತಿದ್ದ ಮಾತು.

ಜವಾರಿ ಜೋಳ
ಈಗಲೂ ಓಡ್ತದ್ರೀ. ಮಂತ್ರಿಗಿರಿ ನನಗೆ ಬ್ಯಾಡಾಗಿತ್ತು, ಹಿರಿಯರು ಒತ್ತಾಯ ಮಾಡಿದ್ರು ಅಂತ ಎಷ್ಟು ಮಂದಿ ಹೇಳಿಲ್ಲ?

ಸಂತೆಪೇಟೆ ಹುಡುಗ
ಹಾಗಾದರೆ ಒಬ್ಬನೇ ಸಾಕ್ಷಿ. ಅವನೂ ಮನೆಯವನೇ. ದೋಸೆ ನನ್ನ ಕಡೆ ಬರ್ತಿದೆ.

ಕಡಲತಡಿ
ಅಷ್ಟು ಬೇಗ ಎಣ್ಣೆ ಹಾಕಬೇಡಿ ಮಾರಾಯ್ರೆ, ಕಾವಲಿ ಇನ್ನೂ ಕಾದಿಲ್ಲ.

ಲಿಯೋ ಪೋಪರ ಪರಿಸ್ಥಿತಿ ಏನಿತ್ತು ಅಂತ ಮೊದಲು ನೋಡಿ. 795ರ ಕೊನೆಗೆ ಪೋಪ್ ಆದರು. ಅವರ ಹಿಂದಿನ ಪೋಪ್ ಏಡ್ರಿಯನ್ ದೊಡ್ಡ ಮನೆತನದವರು. ಆ ನೆಂಟರಿಷ್ಟರಿಗೆ ಲಿಯೋ ಕಂಡರೆ ಆಗುತ್ತಿರಲಿಲ್ಲ. 799ರ ಏಪ್ರಿಲ್ 25ಕ್ಕೆ ರೋಮಿನ ಬೀದಿಯಲ್ಲಿ ಮೆರವಣಿಗೆ ಹೋಗುವಾಗ ಅವರ ಮೇಲೆ ಬಿದ್ದರು. ಕಣ್ಣು ಕೀಳಲಿಕ್ಕೆ, ನಾಲಗೆ ಕತ್ತರಿಸಲಿಕ್ಕೆ ನೋಡಿದರು. ಕಣ್ಣಿಲ್ಲದವನು, ಮಾತಿಲ್ಲದವನು ಪೋಪ್ ಆಗಿ ಮುಂದುವರಿಯುವುದು ಹೇಗೆ, ಅದೇ ಲೆಕ್ಕ. ಮಠವೊಂದರಲ್ಲಿ ಕೂಡಿ ಹಾಕಿದರು. ರಾತ್ರಿ ಗೋಡೆ ಇಳಿದು ತಪ್ಪಿಸಿಕೊಂಡ ಲಿಯೋ ಆಲ್ಪ್ಸ್ ಬೆಟ್ಟ ದಾಟಿ ಜರ್ಮನಿಯ ಪಾಡರ್‌ಬೋರ್ನ್ ತನಕ ಹೋದರು. ಷಾರ್ಲಮೇನ್ ಆಗ ಆ ಕಡೆಯ ಸ್ಯಾಕ್ಸನ್ ಬುಡಕಟ್ಟಿನವರ ಜೊತೆ ಯುದ್ಧದ ಕೆಲಸದಲ್ಲಿ ಅಲ್ಲಿದ್ದ.

ಅಂಥವರಿಗೆ ಈ ದೊರೆಯನ್ನು ಬಿಟ್ಟರೆ ಬೇರೆ ಯಾರು ದಿಕ್ಕು? ಅವನಿಗೆ ಸಿಟ್ಟು ಬರುವ ಕೆಲಸವನ್ನು ತುಂಬಿದ ಇಗರ್ಜಿಯಲ್ಲಿ ಮಾಡುವಷ್ಟು ಧೈರ್ಯ ಎಲ್ಲಿಂದ ಬರ್ತದೆ?

ಮುಸ್ಸಂಜೆ
ಕಣ್ಣು, ನಾಲಗೆ ನಿಜವಾಗಲೂ ಹೋಯ್ತಾ?

ಹಳೇಪೇಪರ್
ಹೋಗಿತ್ತು, ದೇವರು ವಾಪಸ್ ಕೊಟ್ಟ ಅನ್ನೋದು ಪೋಪರ ಕಡೆಯ ಬರಹ. ಆ ಕಾಲದಲ್ಲೇ ಥಿಯೋಡಲ್ಫ್ ಅನ್ನೋ ಬಿಷಪ್ ಕವಿ ಒಂದು ಜಾಣ ಸಾಲು ಬರೆದ. ಕಿತ್ತದ್ದು ಮರಳಿ ಬಂದರೂ ಪವಾಡ, ಕೀಳಲು ಆಗದೆ ಹೋದರೂ ಪವಾಡ ಅಂತ. ಮುಂದೆ ಅವರು ಓದಿದರು, ಮಾತಾಡಿದರು, ಇನ್ನೂ ಹದಿನೇಳು ವರ್ಷ ಪೋಪ್ ಆಗಿದ್ದರು.

ಫಿಲ್ಟರ್ ಕಾಫಿ
ಆ ಬಿಷಪ್ ಇವತ್ತು ಇದ್ದಿದ್ದರೆ ಟಿವಿ ಚರ್ಚೆಗೆ ಕರೀತಿದ್ರು.

ಲಾ ಪಾಯಿಂಟ್
ವೃತ್ತಿಯಲ್ಲಿ ವಕೀಲ, ಹಾಗಾಗಿ ನನಗೆ ಕಾಣೋದೇ ಬೇರೆ. ಎಲ್ಲರೂ ಕಿರೀಟ ನೋಡ್ತಿದ್ದೀರಿ. ಕೋರ್ಟ್ ನೋಡಿ.

ಲಿಯೋ ಮೇಲೆ ಬಿದ್ದವರು ಸುಮ್ಮನೆ ಓಡಿ ಹೋಗಲಿಲ್ಲ. ಇವರು ವ್ಯಭಿಚಾರ ಮಾಡಿದ್ದಾರೆ, ಸುಳ್ಳು ಪ್ರಮಾಣ ಮಾಡಿದ್ದಾರೆ ಅಂತ ಎದುರು ಆರೋಪ ಹಾಕಿದರು. ಈಗ ಪೋಪರನ್ನು ವಿಚಾರಣೆ ಮಾಡೋದು ಯಾರು? ಪೀಟರನ ಪೀಠದಲ್ಲಿ ಕೂತವರನ್ನು ಭೂಮಿ ಮೇಲಿನ ಯಾರೂ ವಿಚಾರಿಸುವ ಹಾಗಿಲ್ಲ ಅಂತ ಬಿಷಪ್ಪರು ಕೈ ಎತ್ತಿದರು. ಕೊನೆಗೆ ಡಿಸೆಂಬರ್ 23ಕ್ಕೆ ಲಿಯೋ ಸುವಾರ್ತೆ ಪುಸ್ತಕ ಹಿಡಿದು, ನಾನಾಗಿಯೇ ಮಾಡುತ್ತಿದ್ದೇನೆ, ಯಾರ ಬಲವಂತವೂ ಇಲ್ಲ ಅಂತ ಹೇಳಿ ತಾನು ನಿರಪರಾಧಿ ಎಂದು ಪ್ರಮಾಣ ಮಾಡಿದರು. ಮುಗೀತು.

ಸರಿ, ಪೋಪರ ಫೈಲ್ ಕ್ಲೋಸ್. ಹಲ್ಲೆ ಮಾಡಿದವರ ಫೈಲ್? ರೋಮ್ ಫ್ರಾಂಕರ ರಾಜ್ಯದ ಊರಲ್ಲ. ಅಲ್ಲಿ ಷಾರ್ಲಮೇನ್‌ಗಿದ್ದ ಪದವಿ ಪೆಟ್ರೀಶಿಯನ್, ಅಂದರೆ ರಕ್ಷಕ. 754ರಲ್ಲಿ ಎರಡನೇ ಸ್ಟೀಫನ್ ಪೋಪ್ ಅವನ ಅಪ್ಪ ಪಿಪಿನ್‌ಗೂ ಮಕ್ಕಳಿಗೂ ಕೊಟ್ಟದ್ದು. ರಕ್ಷಕ ಆದವನು ಕಾಪಾಡಬಹುದು. ರೋಮಿನವರಿಗೆ ರೋಮಿನ ಕಾನೂನಿನಲ್ಲಿ ಮರಣದಂಡನೆ ಕೊಡಬಹುದಾ? ಅದು ಚಕ್ರವರ್ತಿಯ ಅಧಿಕಾರ. ಕಿರೀಟ ಬಂದ ಕೆಲವೇ ದಿನಕ್ಕೆ ಆ ವಿಚಾರಣೆ ನಡೀತು. ರೋಮನ್ ಕಾನೂನಿನ ಪ್ರಕಾರವೇ ಮರಣದಂಡನೆ. ಆಮೇಲೆ ಲಿಯೋ ಅವರೇ ಬೇಡಿಕೊಂಡು ಗಡೀಪಾರಿಗೆ ಇಳಿಸಿದರು.

ದಿನಾಂಕ ಸಾಲಾಗಿ ಇಟ್ಟು ನೋಡಿ. 23 ಪ್ರಮಾಣ, 25 ಕಿರೀಟ, ಅದಾದ ಮೇಲೆ ತೀರ್ಪು. ಇಷ್ಟು ಸರಿಯಾಗಿ ಜೋಡಿಸಿದ್ದು ಅಕಸ್ಮಾತ್ ಅಂತ ನನ್ನ ಜೂನಿಯರ್ ಕೂಡ ವಾದ ಮಾಡಲ್ಲ.

ಸಂತೆಪೇಟೆ ಹುಡುಗ
ಸರ್, ಇದನ್ನು ಭಾವನಿಗೆ ಹಾಗೇ ಕಳಿಸ್ತಿದ್ದೀನಿ.

ಜವಾರಿ ಜೋಳ
ಅಂದ್ರ ಎರಡು ದಿನದ ಹಿಂದ ಕಟಕಟೆಯೊಳಗ ನಿಂತಾವ, ಎರಡು ದಿನ ಆದಮ್ಯಾಲೆ ಜಡ್ಜಿಗೇ ಟೋಪಿ ಹಾಕಿದಾ!

ಫಿಲ್ಟರ್ ಕಾಫಿ
ಟೋಪಿ ಹಾಕಿದ. ಅದ್ಭುತ. ಚರ್ಚೆ ಇಲ್ಲಿಗೇ ಮುಗಿಸಬಹುದು.

ಮೇಷ್ಟ್ರು
ನಿವೃತ್ತ ಇತಿಹಾಸ ಶಿಕ್ಷಕ. ಒಂದು ಮಾತು ಸೇರಿಸುತ್ತೇನೆ. ಲಾ ಪಾಯಿಂಟ್ ಅವರು ಹೇಳಿದ್ದು ಸರಿ, ಆದರೆ ಅಷ್ಟೇ ಅಲ್ಲ. ಆಗ ಜಗತ್ತಿನಲ್ಲಿ ರೋಮನ್ ಚಕ್ರವರ್ತಿ ಅನ್ನೋ ಪೀಠ ಸತ್ತಿರಲಿಲ್ಲ. ಪಶ್ಚಿಮದಲ್ಲಿ 476ಕ್ಕೆ ನಿಂತಿತ್ತು. ಪೂರ್ವದಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಒಂದೇ ಸಮನೆ ನಡೆದು ಬಂದಿತ್ತು. ನಾವು ಬೈಜಾಂಟಿಯಂ ಅನ್ನುತ್ತೇವೆ, ಅವರು ತಮ್ಮನ್ನು ರೋಮನ್ನರು ಅಂತಲೇ ಕರೆದುಕೊಳ್ಳುತ್ತಿದ್ದರು. 797ರಿಂದ ಅಲ್ಲಿ ಆಳುತ್ತಿದ್ದವಳು ಐರೀನ್ ಎಂಬ ರಾಣಿ. ಹೆಂಗಸು ಚಕ್ರವರ್ತಿ ಆಗಲಾರಳು, ಆದ್ದರಿಂದ ಪೀಠ ಖಾಲಿ ಇದೆ ಅನ್ನೋದು ಪಶ್ಚಿಮದವರಿಗೆ ಸಿಕ್ಕ ಅನುಕೂಲ. ಜರ್ಮನಿಯ ಲಾರ್ಷ್ ಮಠದ ವಾರ್ಷಿಕ ದಾಖಲೆಯಲ್ಲಿ ಈ ವಾದ ನೇರವಾಗಿಯೇ ಇದೆ.

ಮುಸ್ಸಂಜೆ
ಹೆಂಗಸು ಕೂತರೆ ಕುರ್ಚಿ ಖಾಲಿ! ನಮ್ಮ ಆಫೀಸಿನ ಮೀಟಿಂಗ್ ನೆನಪಾಯ್ತು.

ಕಡಲತಡಿ
ಆದರೆ ಮೇಡಂ, ಐರೀನ್ ಸಾಧಾರಣದವಳಲ್ಲ. ಸ್ವಂತ ಮಗ ಆರನೇ ಕಾನ್‌ಸ್ಟಂಟೈನ್‌ನ ಕಣ್ಣು ಕೀಳಿಸಿ ಪಟ್ಟಕ್ಕೆ ಬಂದವಳು.

ಮುಸ್ಸಂಜೆ
ಅದನ್ನು ನಾನು ಸಮರ್ಥಿಸ್ತಿಲ್ಲ. ಅದು ಘೋರ. ಆದರೆ ಆಕ್ಷೇಪ ಅದರ ಮೇಲೆ ಇರಲಿಲ್ವಲ್ಲ? ಲಾರ್ಷ್ ಬರಹದಲ್ಲಿ ಇರೋದು ಹೆಂಗಸಿನ ಆಳ್ವಿಕೆ ಅನ್ನೋ ಮಾತು. ಮಗನ ಕಣ್ಣು ಕೀಳಿಸಿದಳು ಅಂತ ಅಲ್ಲ. ಕಣ್ಣು ಕೀಳೋದು ಆ ಊರಿನ ಗಂಡಸು ರಾಜರಿಗೂ ಹೊಸದಾಗಿರಲಿಲ್ಲ. ಯಾವ ಗಂಡಸು ಕಣ್ಣು ಕೀಳಿಸಿದಾಗಲೂ ಪೀಠ ಖಾಲಿ ಆಯ್ತು ಅಂತ ಪಶ್ಚಿಮದವರು ಹೇಳಿರಲಿಲ್ಲ.

ಇನ್ನೊಂದು. ಷಾರ್ಲಮೇನ್‌ನ ಕೈ ಏನು ಶುದ್ಧವಾಗಿತ್ತಾ? 782ರಲ್ಲಿ ವೆರ್ಡನ್‌ನಲ್ಲಿ ಒಂದೇ ದಿನ 4500 ಸ್ಯಾಕ್ಸನರ ತಲೆ ಹಾರಿಸಿದ ಅಂತ ಅವನ ಕಡೆಯವರೇ ಬರೆದಿಟ್ಟಿದ್ದಾರೆ. ಅವನನ್ನು ಯುರೋಪಿನ ತಂದೆ ಅಂತಾರೆ. ಐರೀನ್ ಮಾತ್ರ ರಾಕ್ಷಸಿ.

ಹಳೇಪೇಪರ್
ಮುಸ್ಸಂಜೆ ಅವರ ಮಾತಿಗೆ ನನ್ನ ವೋಟು. ತಮಾಷೆ ಅಂದ್ರೆ ಷಾರ್ಲಮೇನ್ ಐರೀನ್‌ಗೆ ಮದುವೆ ಪ್ರಸ್ತಾಪ ಕಳಿಸಿದ್ದ ಅಂತ ಬೈಜಾಂಟಿಯಂನ ಥಿಯೋಫನೀಸ್ ಎಂಬ ಸನ್ಯಾಸಿ ಬರೆಯುತ್ತಾನೆ. ಪೂರ್ವ ಪಶ್ಚಿಮ ಒಂದಾಗಿ ಬಿಡಲಿ ಅಂತ. ಫ್ರಾಂಕರ ದಾಖಲೆಯಲ್ಲಿ ಈ ಸುದ್ದಿಯೇ ಇಲ್ಲ. 802ರಲ್ಲಿ ಐರೀನ್‌ಳ ಖಜಾನೆ ಮಂತ್ರಿ ನಿಕೆಫೊರೋಸ್ ಅವಳನ್ನು ಇಳಿಸಿದ. ಮದುವೆ ಕಥೆಯೂ ಅಲ್ಲಿಗೆ ಮುಗೀತು.

ಅದೇ ಥಿಯೋಫನೀಸ್ ಲೇವಡಿ ಮಾಡ್ತಾನೆ, ಪೋಪ್ ಷಾರ್ಲಮೇನ್‌ಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿದರು ಅಂತ.

ಜವಾರಿ ಜೋಳ
ದೀಪಾವಳಿ ಎಣ್ಣಿ ಸ್ನಾನ ಮಾಡಿಸ್ಯಾರ ಬಿಡ್ರಿ.

ಶಾಸನಪ್ರಿಯ
ಎಣ್ಣೆ ಮಾತು ಬಂತು ಅಂತ ಕೇಳ್ತೀನಿ. ನಾವು ಇದನ್ನು ಷಾರ್ಲಮೇನ್‌ನ ಪಟ್ಟಾಭಿಷೇಕ ಅಂತ ಬರೀತೀವಲ್ಲ, ಅದು ಸರೀನಾ? ಅಭಿಷೇಕ ಆಗಿತ್ತಾ?

ಹಳೇಪೇಪರ್
ಒಳ್ಳೆ ಪ್ರಶ್ನೆ. ಆ ದಿನ ಎಣ್ಣೆ ಅಭಿಷೇಕ ಆಗಿದ್ದು ಅವನ ಮಗ, ಕಿರಿಯ ಚಾರ್ಲ್ಸ್‌ಗೆ, ರಾಜ ಅಂತ. ಅಪ್ಪನಿಗೆ 754ರಲ್ಲೇ, ಹುಡುಗ ಇದ್ದಾಗ, ಅಭಿಷೇಕ ಆಗಿಹೋಗಿತ್ತು. 800ರಲ್ಲಿ ಅಪ್ಪನಿಗೆ ಆಗಿದ್ದು ಕಿರೀಟ ಮತ್ತು ಜೈಕಾರ. ಫ್ರಾಂಕರ ದಾಖಲೆ ಅಷ್ಟೇ ಹೇಳೋದು.

ಶಾಸನಪ್ರಿಯ
ಹಾಗಾದರೆ ಹಳಗನ್ನಡದ ಪಟ್ಟಬಂಧವೇ ಹೆಚ್ಚು ಹೊಂದುತ್ತೆ. ನಮ್ಮ ಶಾಸನಗಳಲ್ಲಿ ಪಟ್ಟಂಗಟ್ಟಿ ಅಂತ ಬರುತ್ತಲ್ಲ, ಹಣೆಗೆ ಚಿನ್ನದ ಪಟ್ಟಿ ಕಟ್ಟೋದು. ಪಟ್ಟ ಕಟ್ಟು ಅನ್ನೋ ಮಾತು ಬಂದಿದ್ದೇ ಅಲ್ಲಿಂದ. ಅದರಲ್ಲಿ ಮುಖ್ಯ ಪ್ರಶ್ನೆ ಯಾವಾಗಲೂ ಒಂದೇ. ಕಟ್ಟಿದ ಕೈ ಯಾರದ್ದು? ಸಾಮಂತನಿಗೆ ದೊರೆ ಕಟ್ಟಿದರೆ, ಕಟ್ಟಿದವನು ಮೇಲೆ, ಕಟ್ಟಿಸಿಕೊಂಡವನು ಕೆಳಗೆ. ಷಾರ್ಲಮೇನ್‌ಗೆ ಬೇಜಾರಾಗಿದ್ದರೆ ಇದಕ್ಕೇ ಆಗಿರಬೇಕು.

ಮೇಷ್ಟ್ರು
ಇದು ಈ ಚರ್ಚೆಯ ಮೂಲ ಅಂತ ನನಗನಿಸುತ್ತೆ. ನನ್ನ ತಿಳುವಳಿಕೆ ಹೇಳ್ತೀನಿ.

ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೈನ್ಯ, ಜನ, ಹಿರಿಯರ ಸಭೆ ಜೈಕಾರ ಹಾಕಿದ ಮೇಲೆ ಒಬ್ಬನು ಚಕ್ರವರ್ತಿ. ಚರ್ಚಿನ ಮುಖ್ಯಸ್ಥ ಕಿರೀಟ ಇಡುವುದು ಅದರ ನಂತರ, ಆದದ್ದಕ್ಕೆ ಮುದ್ರೆ ಒತ್ತಿದ ಹಾಗೆ. ರೋಮಿನಲ್ಲಿ ಲಿಯೋ ಮಾಡಿದ್ದು ತಿರುವುಮುರುವು. ಮೊದಲು ಕಿರೀಟ, ಆಮೇಲೆ ಜನ ಕೂಗಿದ್ದು. ನೋಡಿದವನಿಗೆ ಏನು ಅರ್ಥವಾಗುತ್ತೆ? ಪೋಪ್ ಕೊಟ್ಟರು, ಆದ್ದರಿಂದ ಇವನು ಚಕ್ರವರ್ತಿ.

ಫ್ರಾಂಕರ ದಾಖಲೆ ಆಮೇಲೆ ಒಂದು ಸಾಲು ಸೇರಿಸುತ್ತದೆ: ಹಳೆಯ ಚಕ್ರವರ್ತಿಗಳಿಗೆ ಮಾಡುತ್ತಿದ್ದಂತೆ ಪೋಪ್ ಅವನಿಗೆ ಅಡ್ಡಬಿದ್ದರು ಅಂತ. ಪೋಪರ ಕಡೆಯ ಪುಸ್ತಕದಲ್ಲಿ ಆ ಸಾಲು ಮಂಗಮಾಯ. ಅಡ್ಡಬಿದ್ದದ್ದು ಒಬ್ಬರಿಗೆ ನೆನಪಿದೆ, ಇನ್ನೊಬ್ಬರಿಗೆ ಮರೆತುಹೋಗಿದೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತಿದ್ದೆ, ಎರಡು ಮನೆಯವರ ಮದುವೆ ವಿಡಿಯೋ ಜೊತೆಗಿಟ್ಟು ನೋಡಿ ಅಂತ.

ಹಾಗಾಗಿ ನನ್ನ ಉತ್ತರ: ಪದವಿ ಬರುತ್ತದೆ ಅಂತ ಗೊತ್ತಿತ್ತು. ಬಂದ ರೀತಿ ಹಿಡಿಸಲಿಲ್ಲ. ಐನ್‌ಹಾರ್ಡ್ ಬರೆದದ್ದು ಆ ಅಸಮಾಧಾನ.

ಫಿಲ್ಟರ್ ಕಾಫಿ
ಹುಡುಗಿ ಒಪ್ಪಿಗೆ, ಪುರೋಹಿತರು ಒಪ್ಪಿಗೆ ಇಲ್ಲ.

ಲಾ ಪಾಯಿಂಟ್
ಮೇಷ್ಟ್ರೇ, ಗೊತ್ತಿತ್ತು ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಕೊಡ್ತೀನಿ. ನೀವು ಹೇಳಿದ ಲಾರ್ಷ್ ದಾಖಲೆಯಲ್ಲೇ ಇದೆ. ಪೋಪ್, ಅಲ್ಲಿ ಸೇರಿದ್ದ ಬಿಷಪ್ಪರು, ಉಳಿದ ಜನ ಕೂತು ಚಾರ್ಲ್ಸ್‌ನನ್ನು, ಅಂದರೆ ಷಾರ್ಲಮೇನ್‌ನನ್ನೇ, ಚಕ್ರವರ್ತಿ ಎಂದು ಕರೆಯಬೇಕು ಅಂತ ತೀರ್ಮಾನ ಮಾಡಿದರು, ದೊರೆ ಅವರ ಮಾತು ತೆಗೆದುಹಾಕಲಿಲ್ಲ, ವಿನಯದಿಂದ ಒಪ್ಪಿದ. ಇದು ಐನ್‌ಹಾರ್ಡ್‌ಗಿಂತ ಮೊದಲೇ ಬರೆದದ್ದು. ಒಪ್ಪಿದ ಮೇಲೆ ಆಶ್ಚರ್ಯ ಎಲ್ಲಿಂದ ಬಂತು?

ಜೈಕಾರವನ್ನೂ ನೋಡಿ. "ದೇವರಿಂದ ಕಿರೀಟ ಪಡೆದ, ಶಾಂತಿ ತರುವ ಮಹಾನ್ ರೋಮನ್ ಚಕ್ರವರ್ತಿ ಚಾರ್ಲ್ಸ್ ಆಗಸ್ಟಸ್‌ಗೆ ಆಯುಸ್ಸು, ಜಯ!" ಇಷ್ಟುದ್ದದ ಸಾಲನ್ನು ಚರ್ಚು ತುಂಬಿದ ಜನ ಒಟ್ಟಿಗೆ ಮೂರು ಸಲ ಕೂಗಿದರು. ಅಭ್ಯಾಸ ಮಾಡದೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವದ ದಿನ ನಾಡಗೀತೆಯನ್ನೇ ಒಂದೇ ರಾಗದಲ್ಲಿ ಹಾಡಿಸೋಕೆ ಆಗಿಲ್ಲ.

ಕಡಲತಡಿ
ಹೌದಲ್ವಾ. ಕ್ರಿಸ್ಮಸ್ ಬಲಿಪೂಜೆಯಲ್ಲಿ ಹೊಸ ಒಂದು ಕೀರ್ತನೆ ಹಾಡಬೇಕಾದರೆ ನಮ್ಮ ಗಾಯನ ತಂಡ ನವೆಂಬರದಿಂದ ಶುರು ಮಾಡ್ತದೆ.

ನಂದಿಬೆಟ್ಟ
ನಾನು ಕಂಡಂತೆ ಅವನು ಶಾಕ್ ಆಗಿದ್ದ. ವ್ಯಾಟಿಕನ್‌ನಲ್ಲಿ ರಾಫೆಲ್‌ನ ಭಿತ್ತಿಚಿತ್ರ ಇದೆ. ಫೋಟೋ ನೋಡಿದೀನಿ. ದೊರೆ ಮಂಡಿಯೂರಿದ್ದಾನೆ, ಪೋಪ್ ಕಿರೀಟ ಇಡ್ತಿದ್ದಾರೆ.

ಹಳೇಪೇಪರ್
ಸ್ವಾಮಿ, ಅದು ರಾಫೆಲ್‌ನ ತಂಡ 1516-17ರಲ್ಲಿ ಬರೆದದ್ದು, 700 ವರ್ಷ ಆದಮೇಲೆ. ಅದರಲ್ಲಿ ಲಿಯೋಗೆ ಇರೋದು ಆಗಿನ ಪೋಪ್ ಹತ್ತನೇ ಲಿಯೋ ಅವರ ಮುಖ. ಷಾರ್ಲಮೇನ್‌ಗೆ ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್‌ನ ಮುಖ. ಅವರಿಬ್ಬರ ನಡುವೆ ಆಗಷ್ಟೇ ಒಪ್ಪಂದ ಆಗಿತ್ತು. ಅದು ಹದಿನಾರನೇ ಶತಮಾನದ ಫ್ಲೆಕ್ಸ್.

ನಂದಿಬೆಟ್ಟ
ಸರಿ ಸರಿ. ಆದರೆ ಅವನ ನಿಜವಾದ ಕಿರೀಟ ವಿಯೆನ್ನಾದಲ್ಲಿ ಇದೆಯಲ್ಲ?

ಹಳೇಪೇಪರ್
ಇಲ್ಲ. ಅಲ್ಲಿರೋ ಎಂಟು ಮೂಲೆಯ ಕಿರೀಟ ಅವನು ಸತ್ತು ನೂರೈವತ್ತು ವರ್ಷಕ್ಕೂ ಜಾಸ್ತಿ ಆದಮೇಲೆ ಮಾಡಿದ್ದು. ಜರ್ಮನ್ ಚಿತ್ರಕಾರ ಡ್ಯೂರರ್ ಅದನ್ನೇ ಷಾರ್ಲಮೇನ್ ತಲೆ ಮೇಲಿಟ್ಟು ಚಿತ್ರ ಬರೆದ. ಅಲ್ಲಿಂದ ಎಲ್ಲರ ತಲೆಯಲ್ಲೂ ಅದೇ ಕೂತಿದೆ.

ರೈನ್ ತೀರದಿಂದ
ಕಲೋನ್‌ನಲ್ಲಿ ಇದ್ದೀನಿ, ಒಂಬತ್ತು ವರ್ಷ ಆಯ್ತು. ಇಲ್ಲಿಂದ ಆಖೆನ್ ರೈಲಿನಲ್ಲಿ ಒಂದು ಗಂಟೆ. ಊರಿಂದ ಯಾರೇ ಬಂದರೂ ಕರ್ಕೊಂಡು ಹೋಗ್ತೀನಿ.

ಅಲ್ಲಿ ಷಾರ್ಲಮೇನ್ ಕಟ್ಟಿಸಿದ ಎಂಟು ಮೂಲೆಯ ಪ್ರಾರ್ಥನಾ ಮಂದಿರ ಇವತ್ತಿಗೂ ನಿಂತಿದೆ. ಮೇಲಿನ ಮಹಡಿಯಲ್ಲಿ ಸಿಂಹಾಸನ. ಚಿನ್ನ ಇರುತ್ತೆ ಅಂದುಕೊಂಡು ಬಂದವರಿಗೆ ನಿರಾಸೆ. ನಾಲ್ಕು ಅಮೃತಶಿಲೆ ಚಪ್ಪಡಿ ಜೋಡಿಸಿದ್ದಾರೆ, ಅಷ್ಟೇ. ನಮ್ಮಪ್ಪ ನೋಡಿ, ಇದಕ್ಕಿಂತ ನಮ್ಮೂರ ಅರಳಿಕಟ್ಟೆ ವಾಸಿ ಅಂದರು. 936ರಿಂದ 1531ರವರೆಗೆ ಮೂವತ್ತರಷ್ಟು ಜರ್ಮನ್ ದೊರೆಗಳಿಗೆ ಆ ಊರಲ್ಲೇ ಪಟ್ಟ ಆಗಿದೆ.

ಅವನು ಆಖೆನ್‌ನಲ್ಲಿ ನೆಲೆ ನಿಂತಿದ್ದಕ್ಕೆ ಒಂದು ಕಾರಣ ಬಿಸಿನೀರಿನ ಬುಗ್ಗೆ. ಈಜು ಅಂದರೆ ಪ್ರಾಣ. ಆ ನೀರು ಈಗಲೂ ಊರ ಮಧ್ಯೆ ನಲ್ಲಿಯಲ್ಲಿ ಬರುತ್ತೆ, ಕೊಳೆತ ಮೊಟ್ಟೆ ವಾಸನೆ. ಅಮ್ಮ ಸೆರಗು ಮುಚ್ಚಿಕೊಂಡು ಹತ್ತು ಹೆಜ್ಜೆ ದೂರ ನಿಂತರು.

ರೋಮಿಗೂ ಹೋಗಿದ್ದೆ. ಈಗಿನ ಸಂತ ಪೀಟರ್ ಚರ್ಚು ಬೇರೆ, ಷಾರ್ಲಮೇನ್ ಮಂಡಿಯೂರಿದ ಹಳೇ ಚರ್ಚನ್ನು ಹದಿನಾರನೇ ಶತಮಾನದಲ್ಲಿ ಕೆಡವಲು ಶುರುಮಾಡಿದರು. ಆದರೆ ಮುಖ್ಯ ಬಾಗಿಲು ದಾಟಿದ ತಕ್ಷಣ ನೆಲದಲ್ಲಿ ಒಂದು ದೊಡ್ಡ ಕೆಂಪು ಕಲ್ಲಿನ ಚಕ್ರ ಇದೆ. ಹಳೇ ಚರ್ಚಿನದ್ದೇ ಕಲ್ಲು. ಅದರ ಮೇಲೆಯೇ ಅವನು ಮಂಡಿಯೂರಿದ್ದು ಅಂತ ಐತಿಹ್ಯ. ಜನ ಅದರ ಮೇಲೆ ನಿಂತು ತಲೆ ಎತ್ತಿ ಚಾವಣಿ ಫೋಟೋ ತೆಗೀತಿರ್ತಾರೆ.

ಮುಸ್ಸಂಜೆ
ಇದು ಓದೋಕೆ ಖುಷಿಯಾಯ್ತು. ಅಮ್ಮ ಪಾಪ.

ಬಿಸಿಬೇಳೆ
ಅವನ ಹತ್ರ ಒಂದು ಆನೆ ಇತ್ತು ಅಲ್ವಾ? ಯಾರೂ ಆನೆ ಬಗ್ಗೆ ಹೇಳ್ತಿಲ್ಲ.

ಕಡಲತಡಿ
ಇತ್ತು ಮಾರಾಯ್ರೆ. ಹೆಸರು ಅಬುಲ್ ಅಬ್ಬಾಸ್. ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್ ಕಳಿಸಿದ್ದು. 797ರಲ್ಲಿ ಮೂವರು ದೂತರು ಹೋಗಿದ್ದರು, ಇಬ್ಬರು ದಾರಿಯಲ್ಲಿ ಸತ್ತರು. ಉಳಿದ ಐಸಾಕ್ ಎಂಬ ಯಹೂದಿ ಆನೆಯನ್ನು ಹಡಗಿನಲ್ಲಿ ತಂದ. ಆಲ್ಪ್ಸ್‌ನಲ್ಲಿ ಹಿಮ ಅಂತ ಇಟಲಿಯ ವರ್ಚೆಲ್ಲಿಯಲ್ಲಿ ಚಳಿಗಾಲ ಕಳೆದು, 802ರ ಜುಲೈ 20ಕ್ಕೆ ಆಖೆನ್ ಮುಟ್ಟಿದ. ಎಂಟು ವರ್ಷ ಬದುಕಿತು. 810ರಲ್ಲಿ ದಂಡಿನ ಜೊತೆ ಹೋಗುವಾಗ ರೈನ್ ನದಿ ಹತ್ತಿರ ಸತ್ತಿತು.

ಬಿಸಿಬೇಳೆ
ಮಾವುತ ಯಾರಿದ್ರೋ.

ಶಾಸನಪ್ರಿಯ
ಬಾಗ್ದಾದ್ ಅಂದಿರಿ, ಒಂದು ವಿಷಯ ತಡೆಯೋಕಾಗ್ತಿಲ್ಲ. 851ರಲ್ಲಿ ಅರಬ್ ವ್ಯಾಪಾರಿಗಳ ವರದಿ ಒಂದಿದೆ. ಲೋಕದ ನಾಲ್ಕು ದೊಡ್ಡ ದೊರೆಗಳು ಯಾರು ಅಂತ ಪಟ್ಟಿ ಕೊಡ್ತಾರೆ. ಅರಬರ ದೊರೆ, ಚೀನಾದ ದೊರೆ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ, ಅಂದರೆ ಕಿವಿ ಚುಚ್ಚಿಸಿಕೊಂಡವರ ದೊರೆ. ಬಲ್ಹರಾ ಅಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟರು! ಆಗ ಅಮೋಘವರ್ಷ ನೃಪತುಂಗನ ಕಾಲ. ಅವನಪ್ಪ ಮೂರನೇ ಗೋವಿಂದನೂ ಷಾರ್ಲಮೇನನೂ ಸತ್ತಿದ್ದು ಒಂದೇ ವರ್ಷ, 814.

ಮುಖ್ಯ ವಿಷಯ ಏನಂದ್ರೆ, ಆ ಪಟ್ಟಿಯ ರೂಮಿನ ದೊರೆ ಅಂದರೆ ಕಾನ್‌ಸ್ಟಾಂಟಿನೋಪಲ್‌ನವನು. ರೋಮಿನಲ್ಲಿ ಕಿರೀಟ ಇಟ್ಟು ಐವತ್ತು ವರ್ಷ ಆದರೂ ಆ ಸುದ್ದಿಯಿಂದ ಪಟ್ಟಿ ಬದಲಾಗಿರಲಿಲ್ಲ.

ಜವಾರಿ ಜೋಳ
ನಮ್ಮ ಮಳಖೇಡದ ಹೆಸರು ಪಟ್ಟಿಯೊಳಗ, ಷಾರ್ಲಮೇನಂದು ಇಲ್ಲ. ಹೊಡೀರಿ ಹಲಗಿ!

ಗಡಿಯಾರ
ಹಾಗಂತ ರಾಷ್ಟ್ರಕೂಟರು ಷಾರ್ಲಮೇನ್‌ಗಿಂತ ದೊಡ್ಡವರಾ? ಸುಮ್ನೆ ಏನೇನೋ.

ಶಾಸನಪ್ರಿಯ
ನಾನು ಹಾಗೆ ಹೇಳಲೇ ಇಲ್ಲ. ಓದಿ ಮಾತಾಡಿ.

ಜವಾರಿ ಜೋಳ
ನಾನು ಹೇಳ್ತೀನಿ. ದೊಡ್ಡವರು.

ನಿರ್ವಾಹಕ
ರಾಷ್ಟ್ರಕೂಟರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಷಾರ್ಲಮೇನ್ ಕಿರೀಟ ಮಾತ್ರ. ಆನೆಗೆ ವಿನಾಯಿತಿ ಕೊಟ್ಟಿದ್ದೇವೆ.

ಗಡಿಯಾರ
ವಿಷಯಕ್ಕೆ ಬರ್ತೀನಿ. ನೀವೆಲ್ಲ ಒಂದೇ ಕಡೆ ಎಳೀತಿದ್ದೀರಿ. ಅವನಿಗೆ ಚಕ್ರವರ್ತಿ ಪದವಿ ಅಷ್ಟು ಬೇಕಿದ್ದರೆ 806ರಲ್ಲಿ ಮೂವರು ಮಕ್ಕಳಿಗೆ ರಾಜ್ಯ ಹಂಚಿ ಪತ್ರ ಬರೆದಾಗ ಆ ಪದವಿ ಯಾರಿಗೆ ಅಂತ ಯಾಕೆ ಬರೆಯಲಿಲ್ಲ? ಮನೆ, ಹೊಲ, ಬಾವಿ ಎಲ್ಲ ಹಂಚಿ ಬೆಳ್ಳಿ ತಟ್ಟೆ ಮಾತೇ ಎತ್ತದ ಹಾಗಾಯ್ತು. ನನ್ನ ಪ್ರಕಾರ ಅದು ಅವನಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ತನ್ನ ಬಿರುದು ಬರೆಸುವಾಗಲೂ ಫ್ರಾಂಕರ ಮತ್ತು (ಇಟಲಿಯ) ಲೊಂಬಾರ್ಡರ ದೊರೆ ಅನ್ನೋದನ್ನು ಬಿಡಲಿಲ್ಲ.

ಮೇಷ್ಟ್ರು
806ರ ಪ್ರಶ್ನೆ ನಿಜಕ್ಕೂ ಕಷ್ಟದ್ದು, ಒಪ್ಪುತ್ತೇನೆ. ಪೂರ್ವದವರು ಆಗಿನ್ನೂ ಅವನನ್ನು ಒಪ್ಪಿರಲಿಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ವೆನಿಸ್ ವಿಷಯಕ್ಕೆ ಇಬ್ಬರಿಗೂ ಜಗಳ ನಡೆದೇ ಇತ್ತು. 812ರಲ್ಲಿ ಮೈಕೇಲ್ ಚಕ್ರವರ್ತಿಯ ದೂತರು ಆಖೆನ್‌ಗೆ ಬಂದು ಗ್ರೀಕ್ ಭಾಷೆಯಲ್ಲಿ ಬೆಸಿಲಿಯಸ್, ಅಂದರೆ ಚಕ್ರವರ್ತಿ, ಅಂತ ಕರೆದರು. ಅದಕ್ಕೆ ಬದಲಾಗಿ ಇವನು ವೆನಿಸ್ ಬಿಟ್ಟುಕೊಟ್ಟ. ದೊಡ್ಡ ವಿಷಯವೇ ಅಲ್ಲದಿದ್ದರೆ ವೆನಿಸ್‌ನಂಥ ಊರನ್ನು ಯಾರಾದರೂ ಬಿಡ್ತಾರಾ?

ಬಿರುದಿನಲ್ಲೂ ಒಂದು ಕಿತಾಪತಿ ಇದೆ. 801ರಿಂದ ಅವನು ಬರೆಸಿದ್ದು ದೇವರಿಂದ ಕಿರೀಟ ಪಡೆದವನು, ರೋಮನ್ ಸಾಮ್ರಾಜ್ಯವನ್ನು ನಡೆಸುವವನು ಅಂತ. ದೇವರಿಂದ. ಇಟ್ಟ ಕೈಯ ಹೆಸರಿಲ್ಲ.

ಹಳೇಪೇಪರ್
ಅದಕ್ಕಿಂತ ಬಲವಾದ ಸಾಕ್ಷಿ 813ರದ್ದು. ಆಗ ಉಳಿದಿದ್ದವನು ಒಬ್ಬನೇ ಮಗ, ಲೂಯಿ. ಅವನನ್ನು ಆಖೆನ್‌ಗೆ ಕರೆಸಿ, ಅಲ್ಲೇ ತಮ್ಮ ಮಂದಿರದಲ್ಲಿ ಚಕ್ರವರ್ತಿ ಕಿರೀಟ ಕೊಡಿಸಿದ. ರೋಮ್ ಇಲ್ಲ, ಪೋಪ್ ಇಲ್ಲ. ಅಪ್ಪನೇ ಇಟ್ಟ ಅಂತ ಒಬ್ಬರು, ಅಪ್ಪ ಹೇಳಿದ ಹಾಗೆ ಮಗನೇ ಎತ್ತಿ ಇಟ್ಟುಕೊಂಡ ಅಂತ ಇನ್ನೊಬ್ಬರು ಬರೀತಾರೆ. ಲಿಯೋ ಆಗ ಬದುಕಿದ್ದರು, ಕರೆಸಬಹುದಿತ್ತು. ಕರೆಸಲಿಲ್ಲ.

ಗಡಿಯಾರ
ಏನು ಪ್ರಯೋಜನ? ಮೂರೇ ವರ್ಷಕ್ಕೆ, 816ರಲ್ಲಿ, ನಾಲ್ಕನೇ ಸ್ಟೀಫನ್ ಪೋಪ್ ತಾವೇ ಕಿರೀಟ ಹೊತ್ತುಕೊಂಡು ರೀಮ್ಸ್ ಊರಿಗೆ ಬಂದರು. ಲೂಯಿ ತಲೆ ಬಗ್ಗಿಸಿ ಮತ್ತೆ ಇಡಿಸಿಕೊಂಡ. ಅಪ್ಪ ಕಟ್ಟಿದ್ದನ್ನು ಮಗ ಬಿಚ್ಚಿದ.

ಹಳೇಪೇಪರ್
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ನಂದಿಬೆಟ್ಟ
ನೆಪೋಲಿಯನ್ ಮಾತ್ರ ಗಂಡು. ಪೋಪ್ ಕೈಯಿಂದ ಕಿರೀಟ ಕಿತ್ತುಕೊಂಡು ತಾನೇ ಇಟ್ಟುಕೊಂಡ.

ಹಳೇಪೇಪರ್
ಕಿತ್ತುಕೊಳ್ಳಲಿಲ್ಲ. 1804ರ ಡಿಸೆಂಬರ್ 2ರ ಆ ಸಮಾರಂಭದಲ್ಲಿ ತಾನೇ ಇಟ್ಟುಕೊಳ್ಳೋದು ಅಂತ ಏಳನೇ ಪಯಸ್ ಪೋಪರ ಜೊತೆ ಮೊದಲೇ ಮಾತಾಗಿತ್ತು. ಆದರೆ ಅವನ ಮನಸ್ಸಿನಲ್ಲಿ ಇದ್ದಿದ್ದು ಷಾರ್ಲಮೇನೇ. ಅದೇ ವರ್ಷ ಆಖೆನ್‌ಗೂ ಹೋಗಿ ಬಂದಿದ್ದ.

ನಂದಿಬೆಟ್ಟ
ನಾನು ಏನು ಹೇಳಿದರೂ ತಪ್ಪು ತೆಗೀತೀರಿ. ಷಾರ್ಲಮೇನ್ ಮೊದಲ ಪವಿತ್ರ ರೋಮನ್ ಚಕ್ರವರ್ತಿ. ಇದಾದರೂ ಸರಿನಾ?

ಹಳೇಪೇಪರ್
ಬೇಜಾರಾಗಬೇಡಿ. ಪವಿತ್ರ ರೋಮನ್ ಸಾಮ್ರಾಜ್ಯ ಅನ್ನೋ ಪೂರ್ತಿ ಹೆಸರು ಹದಿಮೂರನೇ ಶತಮಾನದ್ದು. ತುಂಬಾ ಜನ ಆ ಸಾಲನ್ನು 962ರ ಜರ್ಮನ್ ದೊರೆ ಮೊದಲನೇ ಆಟೋನಿಂದ ಎಣಿಸ್ತಾರೆ. ಷಾರ್ಲಮೇನ್‌ನಿಂದ ಎಣಿಸುವವರೂ ಇದ್ದಾರೆ. ಅರ್ಧ ಮಾರ್ಕ್ಸ್ ಕೊಡ್ತೀನಿ.

ನಂದಿಬೆಟ್ಟ
ಸಾಕು, ಪಾಸ್.

ರೈನ್ ತೀರದಿಂದ
ಇಸವಿ ಬಗ್ಗೆ ಒಂದು ಚಿಲ್ಲರೆ ವಿಷಯ. ಫ್ರಾಂಕರ ದಾಖಲೆಯಲ್ಲಿ ಹೊಸ ವರ್ಷ ಶುರುವಾಗೋದು ಕ್ರಿಸ್ಮಸ್ ದಿನ. ಹಾಗಾಗಿ ಅವರ ಲೆಕ್ಕದಲ್ಲಿ ಕಿರೀಟ ಬಂದಿದ್ದು 801ರ ಮೊದಲ ದಿನ. ಯುಗಾದಿ ದಿನ ಪಟ್ಟ ಕಟ್ಟಿದ ಹಾಗೆ. ದಿನ ಆರಿಸಿದವರು ಯಾರೋ, ಸುಮ್ನೆ ಆರಿಸಿಲ್ಲ.

ಲಾ ಪಾಯಿಂಟ್
ಇದು ನನಗೆ ಹೊಸದು. ಥ್ಯಾಂಕ್ಸ್. ಹಾಗಿದ್ದರೆ ಆ ದಿನ ಅವನು ಏನು ಉಟ್ಟಿದ್ದ ಅಂತ ಎಲ್ಲಾದರೂ ಇದೆಯಾ? ಬಟ್ಟೆ ನೋಡಿದರೆ ಗೊತ್ತಾಗುತ್ತೆ, ಫೋಟೋಗೆ ರೆಡಿ ಆಗಿ ಬಂದಿದ್ದನೋ ಇಲ್ವೋ ಅಂತ.

ಹಳೇಪೇಪರ್
ಭಲೇ ವಕೀಲರೇ. ಐನ್‌ಹಾರ್ಡ್ ಪ್ರಕಾರ ಅವನಿಗೆ ಹೊರಗಿನವರ ಉಡುಪು ಅಂದರೆ ಆಗುತ್ತಿರಲಿಲ್ಲ, ಯಾವಾಗಲೂ ಫ್ರಾಂಕರ ಬಟ್ಟೆಯೇ. ರೋಮಿನಲ್ಲಿ ಎರಡೇ ಸಲ ಉದ್ದ ಅಂಗಿ, ಮೇಲುಹೊದಿಕೆ, ರೋಮನ್ ಚಪ್ಪಲಿ ಹಾಕಿದ. ಒಮ್ಮೆ ಏಡ್ರಿಯನ್ ಪೋಪ್ ಕೇಳಿಕೊಂಡರು ಅಂತ, ಇನ್ನೊಮ್ಮೆ ಲಿಯೋ ಕೇಳಿಕೊಂಡರು ಅಂತ. ಎರಡನೇದು ಯಾವ ದಿನ ಅಂತ ಬರೆದಿಲ್ಲ. ನೀವೇ ಊಹಿಸಿ.

ಮುಸ್ಸಂಜೆ
ರೇಷ್ಮೆ ಸೀರೆ ಉಟ್ಟುಕೊಂಡು ಬಾ, ಸುಮ್ನೆ ಕಾಫಿಗೆ ಯಾರೋ ಬರ್ತಾರೆ ಅಂದ ಹಾಗೆ. ಹೆಣ್ಣುಮಕ್ಕಳಿಗೆಲ್ಲ ಗೊತ್ತು ಯಾರು ಬರ್ತಾರೆ ಅಂತ.

ಸಂತೆಪೇಟೆ ಹುಡುಗ
ಮುಸ್ಸಂಜೆ ಮೇಡಂ, ಈ ಒಂದು ಸಾಲಿಗೆ ಅಕ್ಕ, ತಂಗಿ, ಅಮ್ಮ ಮೂವರೂ ನನ್ನ ಪಾರ್ಟಿ ಸೇರಿದರು. ತುಂಬಾ ಥ್ಯಾಂಕ್ಸ್.

ಆದರೆ ಭಾವ ಈ ಚರ್ಚೆಯನ್ನು ಪೂರ್ತಿ ಕೂತು ಓದಿದ್ದಾರೆ. ರೈನ್ ತೀರದವರ ಮಾತು ಹಿಡ್ಕೊಂಡಿದ್ದಾರೆ. ಪಂದ್ಯ ಕಟ್ಟಿದ್ದು 800ರ ಕ್ರಿಸ್ಮಸ್ ಬಗ್ಗೆ, ಘಟನೆ ನಡೆದಿದ್ದು 801ರಲ್ಲಿ, ಪ್ರಶ್ನೆಯೇ ತಪ್ಪು, ಆದ್ದರಿಂದ ಪಂದ್ಯ ರದ್ದು ಅಂತಾರೆ.

ಲಾ ಪಾಯಿಂಟ್
ಅವರು ಬ್ಯಾಂಕಿನಲ್ಲಿದ್ದಾರಾ?

ಸಂತೆಪೇಟೆ ಹುಡುಗ
ಹೌದು ಸರ್. ಲೋನ್ ಸೆಕ್ಷನ್.

ರೈನ್ ತೀರದಿಂದ
ಅಯ್ಯೋ, ಕ್ಷಮಿಸಿ. ಏಳು ದೋಸೆಗೆ ನಾನು ಜವಾಬ್ದಾರನಲ್ಲ.